ಪೆಟ್ರೋಲ್ ಕುಡಿಯುವ ಹಳೇ ಕಾರಿಗೆ ಅಗ್ಗದ ಇಎಲ್‌ಎಂ327: ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕಾರಿನ ಹಿಂದೆ ನಿಂತರೆ ಕಣ್ಣು ಉರಿಯುತ್ತದೆ. ಸೈಲೆನ್ಸರಿನ ಬಾಯಿಗೆ ಬೆರಳಿಟ್ಟರೆ ಒಣ ಮಸಿ ಹತ್ತುತ್ತದೆ. ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದ ಗಾಡಿ 11ಕ್ಕೆ ಇಳಿದಿದೆ. ಮುಂಬೈಯ ಗ್ಯಾರೇಜಿಗೆ ಒಯ್ದರೆ ಬಾನೆಟ್ ಎತ್ತಿ, ಎರಡು ಸಲ ರೇಸ್ ಕೊಟ್ಟು, "ಸೆನ್ಸರ್ ಗಯಾ" ಅನ್ನುತ್ತಾರೆ. ಯಾವ ಸೆನ್ಸರ್, ಅದು ಹೋಗಿದೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳುವ ಹಕ್ಕು ದುಡ್ಡು ಕೊಡುವವರಿಗೆ ಇದೆ. ಆ ಪ್ರಶ್ನೆ ಕೇಳಲು ಬೇಕಾದ ಅಂಕಿಗಳನ್ನು ಮನೆಯಲ್ಲೇ ತೆಗೆದುಕೊಡುವ ವಸ್ತು ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್. ಕಾರಿನ ಸಾಕೆಟಿಗೆ ಚುಚ್ಚಿದರೆ ಇಂಜಿನಿನ ಕಂಪ್ಯೂಟರ್ ನೋಡುವ ಅಂಕಿಗಳನ್ನು ಫೋನಿಗೆ ಕಳಿಸುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬೆಲೆ ಕೆಲವು ನೂರು ರೂಪಾಯಿ. ಡೊಂಬಿವಲಿಯಿಂದ ಉಡುಪಿ-ಮಂಗಳೂರಿನ ಕಡೆಗೆ ಸುಮಾರು 900 ಕಿ.ಮೀ. ಹಿಡಿದರೆ, 15ರ ಲೆಕ್ಕದಲ್ಲಿ 60 ಲೀಟರ್, 11ರ ಲೆಕ್ಕದಲ್ಲಿ 82 ಲೀಟರ್ ಪೆಟ್ರೋಲ್ ಬೇಕು. ಚೌತಿಗೆ ಒಂದು ಸಲ ಊರಿಗೆ ಹೋಗುವ ದಾರಿಯಲ್ಲೇ ಅಡಾಪ್ಟರಿನ ದುಡ್ಡು ವಾಪಸ್ ಬರುತ್ತದೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಕೊಳ್ಳಿ. ಆದರೆ ಕೋಡ್ (ಆ ಕಂಪ್ಯೂಟರ್ ಬರೆದಿಡುವ ದೋಷದ ಸಂಖ್ಯೆ) ಓದಲು ಮಾತ್ರ ಕೊಳ್ಳುವುದಾದರೆ ಬೇಡ. 'ಪಿ0172' ಎಂಬ ಕೋಡ್ ಹೇಳುವುದು "ಇಂಜಿನ್ ರಿಚ್ ಆಗಿದೆ", ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗಿದೆ ಎಂದಷ್ಟೇ. ಅದು ಮೂಗಿಗೆ ಆಗಲೇ ಗೊತ್ತಾಗಿರುತ್ತದೆ. ಈ ಡಬ್ಬಿಯ ನಿಜವಾದ ಬೆಲೆ ಇರುವುದು ಇಂಜಿನ್ ಓಡುತ್ತಿರುವಾಗ ಅದು ತೋರಿಸುವ ಲೈವ್ ಡೇಟಾದಲ್ಲಿ, ಅದರಲ್ಲೂ ಫ್ಯೂಯೆಲ್ ಟ್ರಿಮ್ ಎಂಬ ಎರಡು ಸಾಲುಗಳಲ್ಲಿ.

ಯಾವ ಕಾರಿಗೆ ಹೊಂದುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಮುಂಬೈ, ಪುಣೆಯಂಥ ನಗರಗಳಿಗೆ ಹೊಗೆ ಮಿತಿಯ ಬಿಎಸ್-4 ನಿಯಮ ಬಂದದ್ದು 2010ರ ಏಪ್ರಿಲ್‌ನಲ್ಲಿ. ಒಬಿಡಿ (ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ತಿಳಿಸುವ ವ್ಯವಸ್ಥೆ) ಕಡ್ಡಾಯವಾದದ್ದು ಆಗ, ಅದರ ಎರಡನೇ ಹಂತ 2013ರ ಏಪ್ರಿಲ್‌ನಿಂದ. 2013ರ ನಂತರದ ಕಾರಾದರೆ ಚಿಂತೆಯಿಲ್ಲ. 2010ರಿಂದ 2013ರ ನಡುವಿನವು ಬಹುಪಾಲು ಕನೆಕ್ಟ್ ಆಗುತ್ತವೆ. ಅದಕ್ಕೂ ಹಳೆಯದಾದರೆ ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಕಂಡರೂ ನಂಬಬೇಡಿ. ಸಾಕೆಟ್ ಇದ್ದು, ಒಳಗಿನ ಭಾಷೆ ಕಂಪನಿಯ ಸ್ವಂತದ್ದಾಗಿರುವ ಗಾಡಿಗಳಿವೆ. ಅಂಥ ಗಾಡಿ ಇರುವವರು ಗೆಳೆಯರ ಅಡಾಪ್ಟರನ್ನು ಒಮ್ಮೆ ಚುಚ್ಚಿ ನೋಡಿ ಆಮೇಲೆ ದುಡ್ಡು ಹಾಕಲಿ. ಇಂಜೆಕ್ಟರ್, ಕಂಪ್ಯೂಟರ್ ಇಲ್ಲದ ಹಳೇ ಕಾರ್ಬ್ಯುರೇಟರ್ ಗಾಡಿಗೆ ಇದರಿಂದ ಏನೂ ಉಪಯೋಗವಿಲ್ಲ.

ಇನ್ನು ನಕಲಿಯ ವಿಷಯ. ಇಎಲ್‌ಎಂ327 ಚಿಪ್ ಮಾಡಿದ್ದು ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಇಂದು ಆನ್‌ಲೈನಿನಲ್ಲೋ ಲ್ಯಾಮಿಂಗ್ಟನ್ ರೋಡಿನಲ್ಲೋ ಪುಣೆಯ ತಪಕೀರ್ ಗಲ್ಲಿಯಲ್ಲೋ ಈ ಬೆಲೆಗೆ ಸಿಗುವುದೆಲ್ಲ ನಕಲು ಚಿಪ್ಪಿನದ್ದೇ. 'ವಿ1.5' ಎಂದು ಬರೆದಿರುತ್ತದೆ, ಆದರೆ ಮೂಲ ಕಂಪನಿ 1.5 ಎಂಬ ಆವೃತ್ತಿಯನ್ನು ಹೊರತಂದೇ ಇಲ್ಲ. ಹಾಗಿದ್ದೂ ಕೆಲಸಕ್ಕೆ ಬರುವುದು ಸಾಮಾನ್ಯವಾಗಿ ಈ 1.5 ಎಂದು ಬರೆದವೇ. 'ವಿ2.1' ಎಂದು ಬರೆದ ಪುಟ್ಟ ಅಡಾಪ್ಟರುಗಳಲ್ಲಿ ಅನೇಕವು ಕೆಲವು ಆದೇಶಗಳನ್ನೇ ಬಿಟ್ಟಿರುತ್ತವೆ. ಹೊಸ ಕಾರುಗಳು ಡೇಟಾ ಕಳಿಸುವ ಕ್ಯಾನ್ ಲೈನಿನಲ್ಲಿ ಓಡಿದರೂ ಹಳೇ ಕಾರಿನ ನಿಧಾನದ ಕೆ-ಲೈನಿನಲ್ಲಿ "ಕನೆಕ್ಟಿಂಗ್" ಎಂದೇ ನಿಂತುಬಿಡುತ್ತವೆ. ನಮಗೆ ಬೇಕಾಗಿರುವುದು ಹಳೇ ಕಾರಿಗೆ. ಆದ್ದರಿಂದ ಕನೆಕ್ಟ್ ಆಗದಿದ್ದರೆ ವಾಪಸ್ ತೆಗೆದುಕೊಳ್ಳುವ ಕಡೆಯೇ ಕೊಳ್ಳಿ. ಆಂಡ್ರಾಯ್ಡ್ ಫೋನಿಗೆ ಮಾಮೂಲಿ ಬ್ಲೂಟೂತ್ ಸಾಕು, ಪಿನ್ 1234 ಅಥವಾ 0000. ಐಫೋನಿಗೆ ವೈಫೈ ಅಥವಾ ಬ್ಲೂಟೂತ್ 4.0 ಇರುವುದೇ ಬೇಕು. ಆ್ಯಪ್‌ಗಳಲ್ಲಿ ಟಾರ್ಕ್, ಕಾರ್ ಸ್ಕ್ಯಾನರ್ ಎರಡೂ ಚೆನ್ನಾಗಿವೆ. ಗ್ರಾಫ್ ನೋಡಲು ಕಾರ್ ಸ್ಕ್ಯಾನರ್ ಸುಲಭ.

ಕೆ-ಲೈನ್ ಕಾರಿನಲ್ಲಿ ಡೇಟಾ ನಿಧಾನ. ಸೆಕೆಂಡಿಗೆ ಮೂರ್ನಾಲ್ಕು ಓದುವಿಕೆ ಬಂದರೆ ಹೆಚ್ಚು. ಪರದೆ ತುಂಬ ಹನ್ನೆರಡು ಮೀಟರ್ ಇಟ್ಟುಕೊಂಡರೆ ಪ್ರತಿಯೊಂದೂ ಮೂರ್ನಾಲ್ಕು ಸೆಕೆಂಡಿಗೊಮ್ಮೆ ಹಂದಾಡುತ್ತದೆ, ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡುವ ಆಕ್ಸಿಜನ್ ಸೆನ್ಸರಿನ ಏರಿಳಿತ ಕಾಣಿಸುವುದೇ ಇಲ್ಲ. ಒಳ್ಳೆಯ ಸೆನ್ಸರನ್ನು ಸತ್ತಿದೆ ಎಂದು ಜನ ತೀರ್ಮಾನಿಸುವುದು ಹೆಚ್ಚಾಗಿ ಹೀಗೆಯೇ. ಒಮ್ಮೆಗೆ ಎರಡು, ಹೆಚ್ಚೆಂದರೆ ಮೂರು ಸಾಲು ಮಾತ್ರ ಇಟ್ಟುಕೊಳ್ಳಿ.

ಪರೀಕ್ಷೆ ಶುರು ಮಾಡಬೇಕಾದದ್ದು ಬೆಳಿಗ್ಗೆ, ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಇಂಜಿನ್ ಚಾಲೂ ಮಾಡುವ ಮೊದಲು. ಕೀಲಿ ಆನ್ ಮಾಡಿ ಮೂರು ಅಂಕಿ ಬರೆದುಕೊಳ್ಳಿ. ಕೂಲಂಟ್ (ಇಂಜಿನನ್ನು ತಂಪಾಗಿಡುವ ದ್ರವ) ತಾಪ ಮತ್ತು ಒಳಬರುವ ಗಾಳಿಯ ತಾಪ ಹೆಚ್ಚುಕಡಿಮೆ ಒಂದೇ ಇರಬೇಕು, 3-5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಸಲ್ಲದು. ಹೊರಗೆ 27 ಇದ್ದು ಕೂಲಂಟ್ 5 ಎಂದು ತೋರಿಸಿದರೆ, ಇಂಜಿನ್ ತಣ್ಣಗೆ ಕೊರೆಯುತ್ತಿದೆ ಎಂದು ಕಂಪ್ಯೂಟರ್ ನಂಬಿ ಪೆಟ್ರೋಲ್ ಸುರಿಯುತ್ತದೆ. ನೇರವಾಗಿ -40 ತೋರಿಸಿದರೆ ವೈರ್ ಕಡಿದಿದೆ ಅಥವಾ ಕನೆಕ್ಟರ್ ಕಳಚಿದೆ. ಆಗ ರೇಡಿಯೇಟರ್ ಫ್ಯಾನ್ ಸದಾ ತಿರುಗುತ್ತಿರುವುದೂ ಉಂಟು. ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಿದೆ ಎಂದು ಸಮಾಧಾನಪಡಬೇಡಿ. ಮುಳ್ಳಿಗೂ ಕಂಪ್ಯೂಟರಿಗೂ ಬೇರೆ ಬೇರೆ ಸೆನ್ಸರ್ ಇರುವ ಗಾಡಿಗಳಿವೆ. ಅನುಮಾನ ಬಂದರೆ ಸೆನ್ಸರಿನ ಕನೆಕ್ಟರ್ ತೆಗೆದು ಮಲ್ಟಿಮೀಟರಿನಲ್ಲಿ ಅಳೆಯಿರಿ: ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಸುಮಾರು ಎರಡೂವರೆ ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು.

ಮೂರನೆಯದು ಮ್ಯಾಪ್, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ. ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಗಾಳಿಯ ಲೆಕ್ಕ ಇದರಿಂದಲೇ ಆಗುತ್ತದೆ. ಇಂಜಿನ್ ನಿಂತಿರುವಾಗ ಅದು ತೋರಿಸಬೇಕಾದದ್ದು ಊರಿನ ವಾಯುಭಾರ. ಮುಂಬೈಯಲ್ಲಿ, ಪಣಜಿಯಲ್ಲಿ 100-101 ಕಿಲೋ ಪಾಸ್ಕಲ್. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿರುವುದರಿಂದ ಅಲ್ಲಿ 94-95. ಪಿಂಪ್ರಿಯಲ್ಲಿ ನಿಂತ ಕಾರು 103 ಎಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಆ ಸುಳ್ಳಿನ ಬೆಲೆ ಪೆಟ್ರೋಲಿನಲ್ಲಿ ಹೋಗುತ್ತಿದೆ. ಇಂಜಿನ್ ಬಿಸಿಯಾಗಿ, ರೇಸ್ ಕೊಡದೆ ಐಡ್ಲಿಂಗ್‌ನಲ್ಲಿರುವಾಗ, ಎಸಿ ಆಫ್ ಮಾಡಿ, ಇದೇ ಅಂಕಿ 28ರಿಂದ 40ರೊಳಗೆ ಇಳಿಯಬೇಕು. 50 ದಾಟಿದರೆ ಸೆನ್ಸರಿಗೆ ಹೋಗುವ ಸಣ್ಣ ರಬ್ಬರ್ ಪೈಪ್ ಒಡೆದಿದೆಯೇ ನೋಡಿ. ಪೈಪ್ ಸರಿಯಿದ್ದರೆ ಟೈಮಿಂಗ್ ಚೈನ್, ವಾಲ್ವ್ ಸಂದಿಯ ಕಡೆಗೆ ಗಮನ ಹೋಗಬೇಕು.

ಇಲ್ಲೊಂದು ಮಾತು. "ಏರ್ ಫಿಲ್ಟರ್ ಕಟ್ಟಿದೆ, ಅದಕ್ಕೇ ಪೆಟ್ರೋಲ್ ಕುಡಿಯುತ್ತಿದೆ" ಎಂಬ ಮಾತು ಕಾರ್ಬ್ಯುರೇಟರ್ ಕಾಲದ್ದು. ಮ್ಯಾಪ್ ಇರುವ ಗಾಡಿಯಲ್ಲಿ ಫಿಲ್ಟರ್ ಕಟ್ಟಿದರೆ ಒಳಬರುವ ಗಾಳಿ ಎಷ್ಟು ಕಡಿಮೆಯಾಯಿತೋ ಅಷ್ಟೇ ಪೆಟ್ರೋಲನ್ನೂ ಕಂಪ್ಯೂಟರ್ ಕಡಿಮೆ ಮಾಡುತ್ತದೆ. ಪಿಕಪ್ ಹೋಗುತ್ತದೆ, ಮಸಿ ಬರುವುದಿಲ್ಲ. ಫಿಲ್ಟರ್ ಬದಲಿಸಿ, ಆದರೆ ಈ ರೋಗ ಅದರಿಂದ ವಾಸಿಯಾಗುತ್ತದೆ ಎಂದು ಕಾಯಬೇಡಿ.

ಈಗ ಗಾಡಿ ಚಾಲೂ ಮಾಡಿ. ಕಟ್ಟಡದ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಮಾತ್ರ ಈ ಕೆಲಸ ಬೇಡವೇ ಬೇಡ. ರಿಚ್ ಆಗಿ ಓಡುವ ಇಂಜಿನ್ ಕಾರ್ಬನ್ ಮೊನಾಕ್ಸೈಡನ್ನು ಮಾಮೂಲಿಗಿಂತ ಹಲವು ಪಟ್ಟು ಉಗುಳುತ್ತದೆ, ಅದಕ್ಕೆ ವಾಸನೆಯಿಲ್ಲ. ಬಯಲಿಗೆ ತನ್ನಿ. 15-20 ನಿಮಿಷ ರಸ್ತೆಯಲ್ಲಿ ಓಡಿಸಿ ಬನ್ನಿ. ಕೂಲಂಟ್ 85-95ಕ್ಕೆ ಬಂದು ನಿಲ್ಲಬೇಕು. ಎಕ್ಸ್‌ಪ್ರೆಸ್‌ವೇಯಲ್ಲಿ 80ರ ವೇಗದಲ್ಲಿ ಹೋಗುವಾಗ 60-65ಕ್ಕೆ ಇಳಿಯುತ್ತಿದ್ದರೆ ಇಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್, ಅಂದರೆ ಥರ್ಮೋಸ್ಟಾಟ್, ತೆರೆದೇ ನಿಂತಿದೆ, ಅಥವಾ ಇಲ್ಲವೇ ಇಲ್ಲ. ಗಾಡಿ ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಇಂಜಿನ್ ಎಂದೂ ಪೂರ್ತಿ ಬಿಸಿಯಾಗದೆ, ಕಂಪ್ಯೂಟರ್ ಅದನ್ನು ಬೆಚ್ಚಗಾಗಿಸಲೆಂದೇ ಪೆಟ್ರೋಲ್ ಸೇರಿಸುತ್ತಿರುತ್ತದೆ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡವರು ಇದನ್ನೇ ಮೊದಲು ನೋಡಲಿ. ಸಣ್ಣ ಕಾರುಗಳ ಥರ್ಮೋಸ್ಟಾಟ್ ದುಬಾರಿಯಲ್ಲ, ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ, ಪುಣೆಯ ನಾನಾ ಪೇಠಿನಲ್ಲಿ ಕೇಳಿದರೆ ಸಿಗುತ್ತದೆ. ಗ್ಯಾಸ್ಕೆಟ್ ಸಹಿತ ಹೊಸದನ್ನೇ ಹಾಕಿಸಿ.

ಬಿಸಿಯಾದ ಮೇಲೆ ಪರದೆಯಲ್ಲಿ ಎರಡೇ ಸಾಲು ಇಟ್ಟುಕೊಳ್ಳಿ: ಶಾರ್ಟ್ ಟರ್ಮ್ ಟ್ರಿಮ್, ಲಾಂಗ್ ಟರ್ಮ್ ಟ್ರಿಮ್. ಆಕ್ಸಿಜನ್ ಸೆನ್ಸರ್ ಕೊಟ್ಟ ಸುದ್ದಿ ನೋಡಿ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ ಅದು. ಶಾರ್ಟ್ ಟರ್ಮ್ ಈ ಕ್ಷಣದ್ದು, ಲಾಂಗ್ ಟರ್ಮ್ ದಿನಗಟ್ಟಲೆ ಕಲಿತದ್ದು. ಎರಡನ್ನೂ ಕೂಡಿಸಿ ನೋಡಬೇಕು. ಕೂಡಿದ ಮೊತ್ತ ±5ರೊಳಗಿದ್ದರೆ ಆರೋಗ್ಯ, -10 ದಾಟಿದರೆ ಹುಡುಕಲೇಬೇಕು, -25ರ ಸುತ್ತ ಹೋದರೆ ಕೋಡ್ ಬಂದು ಚೆಕ್ ಇಂಜಿನ್ ಲೈಟ್ ಹತ್ತಿರುತ್ತದೆ.

ಒಂದು ತಿದ್ದುಪಡಿ ಇಂದಿನ ಪೆಟ್ರೋಲಿಗಾಗಿ ಬೇಕು. ಶುದ್ಧ ಪೆಟ್ರೋಲಿಗೆ ಗಾಳಿಯ ಪ್ರಮಾಣ 14.7ಕ್ಕೆ 1. ಈಗ ಪಂಪಿನಲ್ಲಿ ಸಿಗುವ ಇ20ಗೆ ಅದು ಸುಮಾರು 13.6. ಅಂದರೆ ಹಳೇ ಕಾರಿನ ಕಂಪ್ಯೂಟರ್ ಇ20 ಹಾಕಿದಾಗ ಪೆಟ್ರೋಲನ್ನು 8 ಶೇಕಡಾದವರೆಗೆ ಹೆಚ್ಚಿಸಬೇಕಾಗುತ್ತದೆ, ಆರೋಗ್ಯವಾಗಿರುವ ಗಾಡಿಯಲ್ಲೂ ಟ್ರಿಮ್ ಪ್ಲಸ್ ಕಡೆಗೆ ಸರಿಯುತ್ತದೆ. ಹಾಗಿರುವಾಗ ನಿಮ್ಮ ಗಾಡಿ -6 ತೋರಿಸುತ್ತಿದ್ದರೆ, ಅದು ನಿಜಕ್ಕೂ -12, -14ರ ರೋಗ ಇರಬಹುದು. ±5ರ ಹಳೇ ಲೆಕ್ಕವನ್ನು ಕಣ್ಣುಮುಚ್ಚಿ ಹಿಡಿಯಬೇಡಿ.

ಈ ವಿಮರ್ಶೆಯಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಮಸಿ ಬರುತ್ತಿರುವ ಗಾಡಿಯಲ್ಲಿ ಟ್ರಿಮ್ ಮೈನಸ್ ಇದೆಯೋ ಪ್ಲಸ್ ಇದೆಯೋ. ಮೈನಸ್ ಇದ್ದರೆ ಕಂಪ್ಯೂಟರಿಗೆ ಸತ್ಯ ಗೊತ್ತಿದೆ. ಎಲ್ಲಿಂದಲೋ ಹೆಚ್ಚು ಪೆಟ್ರೋಲ್ ಬರುತ್ತಿದೆ, ಅದು ಕಡಿಮೆ ಮಾಡಲು ಹೆಣಗುತ್ತಿದೆ. ಆಕ್ಸಿಜನ್ ಸೆನ್ಸರ್ ಹೆಚ್ಚಾಗಿ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಅದನ್ನು ಬದಲಿಸುವುದು ದುಡ್ಡು ದಂಡ. ಟ್ರಿಮ್ ಪ್ಲಸ್ 15-20 ಇದ್ದು ಮಸಿಯೂ ಬರುತ್ತಿದ್ದರೆ ಕಂಪ್ಯೂಟರ್ ಮೋಸ ಹೋಗಿದೆ. ಪೆಟ್ರೋಲ್ ಸಾಲದು ಎಂದು ಯಾರೋ ಅದಕ್ಕೆ ಸುಳ್ಳು ಹೇಳುತ್ತಿದ್ದಾರೆ. ಆಗ ನೋಡಬೇಕಾದದ್ದು ಸೆನ್ಸರ್, ಸೆನ್ಸರಿಗಿಂತ ಮುಂಚೆ ಸಿಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಬಿರುಕು ಅಥವಾ ಗ್ಯಾಸ್ಕೆಟ್ ಲೀಕ್, ಮತ್ತು ಮಿಸ್‌ಫೈರ್. ಉರಿಯದ ಸಿಲಿಂಡರಿನಿಂದ ಪೆಟ್ರೋಲ್ ಜತೆಗೆ ಆಕ್ಸಿಜನ್ನೂ ಹಾಗೇ ಹೊರಬರುತ್ತದೆ. ಸೆನ್ಸರಿಗೆ ಕಾಣುವುದು ಆಕ್ಸಿಜನ್ ಮಾತ್ರ.

ಸೆನ್ಸರ್ ಬದುಕಿದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಅದರ ವೋಲ್ಟೇಜ್ ಗ್ರಾಫ್ ಒಂದನ್ನೇ ಇಟ್ಟುಕೊಂಡು, ಬಿಸಿ ಇಂಜಿನಿಗೆ ಒಮ್ಮೆ ಜೋರಾಗಿ ರೇಸ್ ಕೊಟ್ಟು ಕಾಲು ತೆಗೆಯಿರಿ. ರೇಸ್ ಕೊಟ್ಟಾಗ 0.8-0.9ಕ್ಕೆ ಏರಬೇಕು, ಕಾಲು ತೆಗೆದು ಇಂಜಿನ್ ಇಳಿಯುವಾಗ 0.1ರ ಕೆಳಗೆ ಬೀಳಬೇಕು. ಏರಿ ಬಿದ್ದರೆ ಸೆನ್ಸರ್ ಬದುಕಿದೆ, ನೋಡುವುದನ್ನು ಹೇಳುತ್ತಿದೆ. ಏನು ಮಾಡಿದರೂ 0.9ರಲ್ಲೇ ಕೂತಿದ್ದರೆ ಅಥವಾ 0.4ರ ಸುತ್ತ ಅಲುಗಾಡದೆ ನಿಂತಿದ್ದರೆ ಮಾತ್ರ ಸೆನ್ಸರಿನ, ಅದರ ಹೀಟರಿನ, ವೈರಿನ ವಿಚಾರ ತೆಗೆಯಿರಿ.

ಟ್ರಿಮ್ ಮೈನಸ್ ಎಂದಾದರೆ ಐಡ್ಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಹಿಡಿದು ಒಮ್ಮೆ ಬರೆದುಕೊಳ್ಳಿ. ಐಡ್ಲಿಂಗ್‌ನಲ್ಲಿ -14, 2500ರಲ್ಲಿ -2 ಎಂದರೆ ಸೋರಿಕೆ ಚಿಕ್ಕದು, ಒಂದೇ ಸಮನಾದದ್ದು. ನಿಂತ ಇಂಜಿನ್ ಕುಡಿಯುವುದೇ ಸ್ವಲ್ಪ, ಅದರಲ್ಲಿ ಆ ಸೋರಿಕೆಯ ಪಾಲು ದೊಡ್ಡದಾಗಿ ಕಾಣುತ್ತದೆ. ಮೊದಲ ಅನುಮಾನ ಪರ್ಜ್ ವಾಲ್ವ್: ಇನ್‌ಟೇಕ್ ಮ್ಯಾನಿಫೋಲ್ಡಿನ ಹತ್ತಿರ ಎರಡು ಸಣ್ಣ ಪೈಪ್ ಸೇರಿಸಿದ, ಹೆಬ್ಬೆರಳಷ್ಟು ದಪ್ಪದ ಕಪ್ಪು ಪ್ಲಾಸ್ಟಿಕ್ ವಾಲ್ವ್. ಟ್ಯಾಂಕಿನ ಪೆಟ್ರೋಲ್ ಆವಿ ಇಂಜಿನಿಗೆ ಬರುವ ದಾರಿ ಅದು. ಆ ಆವಿಯನ್ನು ಹಿಡಿದಿಡುವ ಡಬ್ಬಿಯಾದ ಕ್ಯಾನಿಸ್ಟರ್ ಕಡೆಯ ಪೈಪಿಗೆ ಬಟ್ಟೆ ಸುತ್ತಿ ಪಕ್ಕಡಿನಿಂದ ಮೆಲ್ಲಗೆ ಅದುಮಿ ಹಿಡಿದು ಫೋನ್ ನೋಡಿ. ಅದೇ ಕಾರಣವಾಗಿದ್ದರೆ ಹತ್ತು ಸೆಕೆಂಡಿನೊಳಗೆ ಶಾರ್ಟ್ ಟರ್ಮ್ ಮೇಲೇಳುತ್ತದೆ: -14, -11, -7, -3. ಪೈಪ್ ಬಿಟ್ಟರೆ ಮತ್ತೆ ಇಳಿಯುತ್ತದೆ. ಆದರೆ ಬಿಸಿ ಇಂಜಿನಿನಲ್ಲಿ ಪರ್ಜ್ ತೆರೆಯುವುದು ಸಹಜವೂ ಹೌದು. ಅದಕ್ಕೆ ಮರುದಿನ ಬೆಳಿಗ್ಗೆ ತಣ್ಣನೆಯ ಇಂಜಿನ್ ಚಾಲೂ ಮಾಡಿದ ಕೂಡಲೇ ಆ ಪೈಪ್ ಕಳಚಿ ವಾಲ್ವಿನ ಬಾಯಿಗೆ ಬೆರಳಿಡಿ. ಎಳೆತ ಇರಬಾರದು. ಎಳೆಯುತ್ತಿದ್ದರೆ ವಾಲ್ವ್ ಮುಚ್ಚುತ್ತಿಲ್ಲ, ಬದಲಿಸಿ. ವಾಲ್ವ್ ಸರಿಯಿದ್ದೂ ಟ್ರಿಮ್ ಕುಸಿಯುತ್ತಿದ್ದರೆ ಕ್ಯಾನಿಸ್ಟರಿನೊಳಗೆ ಪೆಟ್ರೋಲೇ ಸೇರಿರಬಹುದು. ಪಂಪಿನಲ್ಲಿ ಆಟೋ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಲೆಂದು ಒತ್ತಿ ಒತ್ತಿ ಹಾಕಿಸಿದರೆ ಆಗುವ ಹಾನಿ ಇದು. ಆಟೋ ಕಟ್ ಆಯಿತೆಂದರೆ ಸಾಕು ಅನ್ನಿ.

ಐಡ್ಲಿಂಗ್ ರೋಗದ ಇನ್ನೊಂದು ಕಾರಣ ಸೋರುವ ಇಂಜೆಕ್ಟರ್. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಬೇಗ ಹಿಡಿಯುವುದಿಲ್ಲ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡಿದರೆ ಹಿಡಿಯುತ್ತದೆ, ಮೊದಲ ಹೊಗೆ ಕಪ್ಪಗೆ. ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟರೆ ಎರಡು ಕಂದು, ಒಂದು ಮಾತ್ರ ವೆಲ್ವೆಟ್ ಬಟ್ಟೆಯಂಥ ಒಣ ಕಪ್ಪು. ಆ ಸಿಲಿಂಡರಿನ ಇಂಜೆಕ್ಟರೇ ಕಳ್ಳ. ಎಲ್ಲ ಪ್ಲಗ್‌ಗಳೂ ಒಂದೇ ಸಮ ಕಪ್ಪಾಗಿದ್ದು, ಟ್ರಿಮ್ ಎಲ್ಲ ಆರ್‌ಪಿಎಂನಲ್ಲೂ ಮೈನಸ್ಸಿದ್ದರೆ ಪೆಟ್ರೋಲಿನ ಪ್ರೆಶರ್ ಹೆಚ್ಚಿದೆಯೇ ನೋಡಬೇಕು.

ಇಲ್ಲಿಗೆ ಬಂದಾಗ ಅಡಾಪ್ಟರಿನ ಮಿತಿ ಗೊತ್ತಾಗುತ್ತದೆ. ಈ ಗಾಡಿಗಳಲ್ಲಿ ಪೆಟ್ರೋಲ್ ಪ್ರೆಶರ್ ಅಳೆಯುವ ಸೆನ್ಸರೇ ಇಲ್ಲ, ಆದ್ದರಿಂದ ಯಾವ ಆ್ಯಪ್‌ನಲ್ಲೂ ಅದು ಕಾಣದು. ಗೇಜ್ ಬೇಕು, ಸಾಮಾನ್ಯವಾಗಿ 3 ಬಾರ್ ಆಸುಪಾಸು ಇರಬೇಕು, ಇಂಜಿನ್ ನಿಲ್ಲಿಸಿದ ಮೇಲೂ ಕೆಲವು ನಿಮಿಷ ಹಿಡಿದಿರಬೇಕು. ರಬ್ಬರ್ ವ್ಯಾಕ್ಯೂಮ್ ಪೈಪ್ ಇರುವ ಪ್ರೆಶರ್ ರೆಗ್ಯುಲೇಟರ್ ಆದರೆ ಆ ಪೈಪ್ ಕಿತ್ತು ಮೂಸಿ ನೋಡಿ. ಒಳಗೆ ಪೆಟ್ರೋಲ್ ಹಸಿ ಇದ್ದರೆ ಅದರೊಳಗಿನ ಪೊರೆ (ಡಯಾಫ್ರಂ) ಹರಿದಿದೆ. ಗೇಜ್ ಹಾಕುವ ಕೆಲಸವನ್ನು ಮಾತ್ರ ಗ್ಯಾರೇಜಿಗೆ ಬಿಡುವುದು ಒಳ್ಳೆಯದು. ಒತ್ತಡದಲ್ಲಿರುವ ಪೆಟ್ರೋಲ್ ಬಿಸಿ ಮ್ಯಾನಿಫೋಲ್ಡಿನ ಮೇಲೆ ಚಿಮ್ಮಿದರೆ ಬೆಂಕಿಗೆ ಹೊತ್ತು ಬೇಡ.

ಸಿಎನ್‌ಜಿ ಕಿಟ್ ಹಾಕಿಸಿದ ಗಾಡಿಗಳು ಮುಂಬೈ-ಪುಣೆಯಲ್ಲಿ ಎಷ್ಟಿವೆ ಎಂದರೆ ಅವುಗಳ ಮಾತು ಬೇರೆಯಾಗಿಯೇ ಆಡಬೇಕು. ಸೀಕ್ವೆನ್ಷಿಯಲ್ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಗ್ಯಾಸ್ ಕೊಡುವ) ಕಿಟ್ಟಿನಲ್ಲಿ ಗ್ಯಾಸಿನ ಮೇಲೆ ಓಡುವಾಗಲೂ ಟ್ರಿಮ್ ಕಲಿಯುವುದು ಪೆಟ್ರೋಲಿನ ಕಂಪ್ಯೂಟರೇ. ಗ್ಯಾಸ್ ಟ್ಯೂನಿಂಗ್ ಲೀನ್ ಆಗಿದ್ದರೆ, ಅಂದರೆ ಗಾಳಿಗೆ ತಕ್ಕಷ್ಟು ಗ್ಯಾಸ್ ಸಾಲದಿದ್ದರೆ, ಅದು ದಿನವಿಡೀ ಸೇರಿಸಿ ಸೇರಿಸಿ ಲಾಂಗ್ ಟರ್ಮನ್ನು +20ಕ್ಕೆ ಒಯ್ದಿಡುತ್ತದೆ. ಮರುದಿನ ಬೆಳಿಗ್ಗೆ ಗಾಡಿ ಚಾಲೂ ಆಗುವುದು ಪೆಟ್ರೋಲಿನಲ್ಲಿ, ಅದೇ +20ನ್ನು ಹೊತ್ತುಕೊಂಡು. ಕಪ್ಪು ಹೊಗೆ, ವಾಸನೆ, "ಇಂಜೆಕ್ಟರ್ ಹೋಗಿದೆ" ಎಂಬ ತೀರ್ಪು. ಹೋಗಿರುವುದು ಗ್ಯಾಸಿನ ಟ್ಯೂನಿಂಗ್. ಅದನ್ನು ಕಂಡುಹಿಡಿಯಲು ಗ್ಯಾಸಿನಲ್ಲಿ ಐದು ನಿಮಿಷ, ಪೆಟ್ರೋಲಿನಲ್ಲಿ ಐದು ನಿಮಿಷ ಓಡಿಸಿ ಟ್ರಿಮ್ ಬರೆದಿಟ್ಟುಕೊಳ್ಳಿ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಆ ಕಾಗದವನ್ನೇ ಕಿಟ್ ಹಾಕಿದವರ ಮುಂದಿಡಿ. ಈ ಒಂದು ಕೆಲಸಕ್ಕಾಗಿಯೇ ಸಿಎನ್‌ಜಿ ಗಾಡಿಯವರು ಈ ಅಡಾಪ್ಟರ್ ಇಟ್ಟುಕೊಳ್ಳಬಹುದು.

ಇದರ ಕೊರತೆಗಳು. ಬ್ಯಾಟರಿ ವೋಲ್ಟೇಜ್ ಅರ್ಧ ವೋಲ್ಟಿನಷ್ಟು ತಪ್ಪಿರಬಹುದು, ಮಲ್ಟಿಮೀಟರನ್ನೇ ನಂಬಿ. ಸಾಕೆಟಿನ 16ನೇ ಪಿನ್ನಿಗೆ ಸದಾ ಕರೆಂಟ್ ಇರುವುದರಿಂದ ಕೀಲಿ ತೆಗೆದರೂ ಇದು ಆಫ್ ಆಗುವುದಿಲ್ಲ. 40 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ ಒಂದು ಆಂಪಿಯರ್-ಅವರ್ ಹತ್ತಿರ. 35 ಆಂಪಿಯರ್-ಅವರಿನ ಹಳೇ ಬ್ಯಾಟರಿ ಎರಡು ವಾರ ನಿಂತ ಗಾಡಿಯಲ್ಲಿ ಕೈಕೊಡಲು ಅಷ್ಟು ಸಾಕು. ಕೆಲಸ ಮುಗಿದ ಕೂಡಲೇ ಕಿತ್ತಿಡಿ. ಇನ್ನು ಆ್ಯಪ್‌ನಲ್ಲಿರುವ 'ಕ್ಲಿಯರ್ ಕೋಡ್ಸ್' ಗುಂಡಿಯನ್ನು ಮೊದಲೇ ಒತ್ತಬೇಡಿ. ಕೋಡ್ ಬಿದ್ದ ಕ್ಷಣದ ತಾಪ, ಆರ್‌ಪಿಎಂ, ವೇಗ ಎಲ್ಲ ಇರುವ ಫ್ರೀಜ್ ಫ್ರೇಮ್ ಅದರೊಂದಿಗೆ ಅಳಿಸಿಹೋಗುತ್ತದೆ, ಕಲಿತ ಟ್ರಿಮ್ ಕೂಡ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ.

ಕೋಡ್ ಅಳಿಸಬೇಕಾದದ್ದು ರಿಪೇರಿ ಆದ ಮೇಲೆ. ಜತೆಗೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದರೆ ಅಥವಾ ಮಟ್ಟ ಮೇಲೇರಿದ್ದರೆ ಎಂಜಿನ್ ಆಯಿಲ್ ಬದಲಿಸಿ. ಇಲ್ಲದಿದ್ದರೆ ಆಯಿಲಿನಿಂದೇಳುವ ಆವಿಯೇ ಮತ್ತೆ ಇಂಜಿನಿಗೆ ಹೋಗಿ ಟ್ರಿಮ್ ಮೈನಸ್ಸಿನಲ್ಲೇ ಉಳಿಯುತ್ತದೆ, ಸರಿಯಾದ ರಿಪೇರಿಯೂ ತಪ್ಪೆಂದು ಕಾಣುತ್ತದೆ. 50-100 ಕಿ.ಮೀ. ಓಡಿಸಿ ಟ್ರಿಮ್ ಮತ್ತೆ ನೋಡಿ. ಆಮೇಲೆ ಪಿಯುಸಿ ಮಾಡಿಸಿ, ಸ್ಟಿಕ್ಕರ್ ತೆಗೆದುಕೊಂಡು ಬರುವಷ್ಟಕ್ಕೇ ನಿಲ್ಲದೆ ಚೀಟಿಯ ಅಂಕಿ ಓದಿ: ಬಿಎಸ್-4 ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡಿನ ಮಿತಿ 0.3 ಶೇಕಡಾ, ಬಿಎಸ್-2, ಬಿಎಸ್-3 ಗಾಡಿಗೆ 0.5. ನಳಿಗೆಯನ್ನು ಸೈಲೆನ್ಸರಿನೊಳಗೆ ಪೂರ್ತಿ ತೂರಿಸಿ, ಬಿಸಿ ಇಂಜಿನಿನಲ್ಲೇ ಅಳೆಯಲು ಹೇಳಿ.